ಸುಳಿ

ಬೀಜ ಬಂದದ್ದು ಸಿರ್ಸಿಯಿಂದ, ಗೋಣಿಚೀಲದಲ್ಲಿ,
ಬೆಳಗಿನ ಬಸ್ಸಿನ ನೆತ್ತಿಯ ಮೇಲೆ.
ಒಂದೊಂದಕ್ಕೂ ಒಂದು ರೆಕ್ಕೆ.
ಒಣ ಬಂಗಡೆಯ ಬಾಲದಷ್ಟು ಹಗುರ, ಅದೇ ಕಂದು.
ಎರಡು ತಿಂಗಳೊಳಗೆ ಊರಬೇಕು, ಆಮೇಲೆ ಜೀವ ನಿಲ್ಲದು
ಎಂದಿದ್ದ ನರ್ಸರಿಯವ.
ಯಾರೂ ಇಲ್ಲದ ಹೊತ್ತು ನೋಡಿ
ಒಂದು ಹಿಡಿ ಗಾಳಿಗೆ ತೂರಿದೆ.
ತಿರುಗುತ್ತ, ತಿರುಗುತ್ತ, ಅವಸರವೇ ಇಲ್ಲದೆ ಇಳಿದವು.
ಒಂದು ಹೋಗಿ ಪಕ್ಕದ ಮೈಮೂನಳ
ಒಣಮೀನಿನ ಚಾಪೆಯ ಮೇಲೆ ಕೂತಿತು.
"ಎಂತದೇ ಇದು, ಜಿರಳೆಯಾ?"

ಆ ವರ್ಷವೇ ಹಕ್ಕಲದ ಗೇರು ಕಡಿಸಿದ್ದೆ,
ಅವ್ವ ನೆಟ್ಟ ಮೂವತ್ತೊಂದು ಮರ.
ಕುಮಟೆಯಿಂದ ಬಂದ ಕಂಪನಿ ಹುಡುಗ
ನುಣುಪು ಕಾಗದದಲ್ಲಿ ಲೆಕ್ಕ ತೋರಿಸಿದ್ದ.
ಹನ್ನೆರಡನೆಯ ವರ್ಷದ ಎದುರಿಗೆ
ಎಷ್ಟೊಂದು ಸೊನ್ನೆ!
ಬೀಜದ ಹಾಗೇ ಸಾಲಾಗಿ ಕೂತಿದ್ದವು,
ರೆಕ್ಕೆ ಮಾತ್ರ ಇರಲಿಲ್ಲ.

ಹಾರವಾಡದ ನೆಲ ಚಿರೇಕಲ್ಲು.
ಹಾರೆ ಬಿದ್ದರೆ ಕಿಡಿ.
ನೂರಾ ನಾಲ್ಕು ಗುಂಡಿ, ಗುಂಡಿಗೊಂದು ಬುಟ್ಟಿ ಮೀನುಗೊಬ್ಬರ,
ಊರ ಬೆಕ್ಕುಗಳೆಲ್ಲ ಒಂದು ವಾರ
ನನ್ನ ಹಕ್ಕಲದಲ್ಲೇ ವಾಸ.

ಮೂರನೇ ಮಳೆಗಾಲ ಕಳೆದಾಗ ಆಳೆತ್ತರ.
ಆಗ ಬಂತು ಅದು.
ರಾತ್ರಿ ಬರುವ ಪತಂಗವಂತೆ. ನಾನು ಕಂಡಿಲ್ಲ.
ಬೆಳಿಗ್ಗೆ ಕಂಡದ್ದು ತಲೆ ಜೋತ ಸುಳಿ,
ಕಾಂಡದ ತೂತಿನಲ್ಲಿ ಕೆಂಪು ಹಿಟ್ಟು, ಅಂಟು.
ಚೂರಿಯಲ್ಲಿ ಸೀಳಿದರೆ ಒಳಗೆ
ತಣ್ಣಗೆ ಮಲಗಿತ್ತು, ನೀಲಿ ಮೈಯ ಕೂಸು.

ಕೊಂದೆ. ಹತ್ತು, ಇಪ್ಪತ್ತು, ಆಮೇಲೆ ಎಣಿಸಲಿಲ್ಲ.
ಬೇವಿನೆಣ್ಣೆ ಸಿಂಪಡಿಸಿದೆ.
ಬೇವೂ ಮಹಾಗನಿಯ ದಾಯಾದಿಯೇ ಅಂತೆ.
ಚಿಕ್ಕಪ್ಪನ ಕಹಿ ತಂದು
ಅಣ್ಣನ ಮಗನ ತಲೆಗೆ ಸವರಿದ ಹಾಗಾಯಿತು.

ಸುಳಿ ಹೋದ ಗಿಡ ಸಾಯುವುದಿಲ್ಲ.
ಕಂಕುಳಿಂದ ಎರಡು ಚಿಗುರು ತೆಗೆಯುತ್ತದೆ,
ಎರಡಕ್ಕೂ ಆಕಾಶವೇ ಬೇಕು.
ಒಂದನ್ನು ಸವರು, ನೆಟ್ಟಗಿದ್ದದ್ದನ್ನು ಉಳಿಸು
ಎಂದಿತ್ತು ಕಾಗದದ ಹಿಂಬದಿ.
ನಲವತ್ತಕ್ಕೆ ಹಾಗೇ ಮಾಡಿದೆ.
ಬಾವಿಕಟ್ಟೆಯ ಪಕ್ಕದ್ದಕ್ಕೆ ಕೈ ಏಳಲಿಲ್ಲ.
ನನ್ನ ನೆತ್ತಿಯಲ್ಲೂ ಎರಡು ಸುಳಿ.
ಎರಡು ಮದುವೆಯ ಯೋಗ ಎನ್ನುತ್ತಿದ್ದಳು ಅಜ್ಜಿ, ಎಣ್ಣೆ ತಟ್ಟುತ್ತ.
ಒಂದೂ ಆಗಲಿಲ್ಲ. ಅದು ಬೇರೆ ಮಾತು.

ಹನ್ನೆರಡು ವರ್ಷ ತುಂಬಿತು.
ಕಂಪನಿಯ ನಂಬರು ಚಾಲ್ತಿಯಲ್ಲಿಲ್ಲ.
ಕಾರವಾರದ ದಲ್ಲಾಳಿ ಟೇಪು ಹಿಡಿದು ಸುತ್ತಳತೆ ತೆಗೆದ.
"ತಿರುಳು ಕೂತಿಲ್ಲ ಬಾಯಿ, ಇನ್ನೂ ಹತ್ತು ವರ್ಷ ಬೇಕು."
ಬಾವಿಕಟ್ಟೆಯದನ್ನು ನೋಡಿ ನಕ್ಕ.
"ಇದು ಸೌದೆಗೆ."

ಮೊನ್ನೆ ತದಡಿಯ ತುಳಸು ಮೇಸ್ತ ಬಂದಿದ್ದ,
ಬಾವಿಯ ರಾಟೆ ರಿಪೇರಿಗೆ.
ಹಿಂದೆ ದೋಣಿ ಕಟ್ಟುತ್ತಿದ್ದವ. ಈಗ ಎಲ್ಲ ಫೈಬರು.
ರಾಟೆ ಅಲ್ಲೇ ಬಿಟ್ಟು ಮರದ ಹತ್ತಿರ ನಿಂತ.
ಕವಲಿನ ಸಂದಿಗೆ ಅಂಗೈ ಇಟ್ಟ,
ಎಮ್ಮೆಯ ಗಬ್ಬ ನೋಡುವವರ ಹಾಗೆ.
"ಈ ಬಾಗು ಹುಡುಕ್ಕೊಂಡು ಒಂದು ಕಾಲಕ್ಕೆ
ಯಲ್ಲಾಪುರದ ಕಾಡೆಲ್ಲ ತಿರುಗಿದ್ದೆ.
ನೆಟ್ಟಗಿನದನ್ನು ಕೊಯ್ದು ಬಾಗಿಸಿದರೆ
ದೊಡ್ಡ ತೆರೆಗೆ ಸೀಳ್ತದೆ.
ತಾನಾಗಿ ಬಾಗಿದ್ದು ಸೀಳೂದಿಲ್ಲ.
ದೋಣಿಯ ಪಕ್ಕೆಲುಬು ಇದು."
ತಗೊಳ್ತೀಯಾ, ಕೇಳಿದೆ.
"ಯಾವ ದೋಣಿಗೆ?" ಎಂದ.

ರಾಟೆ ಸರಿಯಾಯಿತು. ದುಡ್ಡು ಎಣಿಸಿಕೊಂಡ.
ತಡಮೆ ದಾಟುವಾಗ ಮತ್ತೊಮ್ಮೆ ತಿರುಗಿ ನೋಡಿದ,
ನನ್ನನ್ನಲ್ಲ.

ಈ ವರ್ಷ ಕಾಯಿ ಕಚ್ಚಿದ್ದು ಅದೊಂದೇ.
ಏಳು ಕಾಯಿ. ಜೋತುಬಿದ್ದದ್ದಲ್ಲ,
ಮುಷ್ಟಿ ಹಿಡಿದು ಮೇಲಕ್ಕೆ ಎತ್ತಿದ ಹಾಗೆ.
ಶಿವರಾತ್ರಿ ಕಳೆದ ಮೇಲೆ ಒಡೆಯಬಹುದು.
ಕಡಲಗಾಳಿ ಯಾವ ಕಡೆಗೆ ಬೀಸುತ್ತದೋ.
ಮೈಮೂನಳಿಗೆ ಈಗಲೇ ಹೇಳಿಟ್ಟಿದ್ದೇನೆ,
ಚಾಪೆ ಒಂದಿಷ್ಟು ಆಚೆ ಹಾಸು,
ಬರುವುದು ಜಿರಳೆಯಲ್ಲ.